ತ-ಕ್ಕೆ ಸ-ವತ್ತು, ನ-ವತ್ತು

ಎಸ್ಸೆಲ್ಸಿ ಕಾರ್ಡಿನಲ್ಲಿ ಅವಳು ಜೋಸ್ನ.
ರೇಷನ್ ಕಾರ್ಡಿನಲ್ಲಿ ಜೋತ್ನ.
ಅವಳಪ್ಪ ತೀರಿಕೊಂಡಾಗ ಹಂಚಿದ ಕಾಗದದಲ್ಲಿ
ಬರೀ ಜ್ಯೋ, ಆಮೇಲೆ ಒಂದು ಕಪ್ಪು ಮಚ್ಚೆ:
ಮೊಳೆ ಮುರಿದ ಜಾಗ.

ಸುಲ್ತಾನಪೇಟೆಯ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಳು.
ಜೋಡಿಸಿಟ್ಟ ಮೊಳೆಗಳನ್ನು ಕನ್ನಡಿಯಿಲ್ಲದೆ,
ತಿರುಗುಮುರುಗಾಗಿಯೇ, ಹಾಲು ಕುಡಿದ ಹಾಗೆ ಓದುವಳು.
ನಾನು ಚಾಮರಾಜಪೇಟೆ ಐದನೇ ಮೈನಿನಲ್ಲಿ, ಶೀಟಿನ ಸೂರಿನಡಿ,
ಉಕ್ಕಿನ ತುದಿಗೆ ಅಕ್ಷರ ಕೊರೆಯುವವನು.
"ನನ್ನ ಹೆಸರು ನಿಮ್ಮಲ್ಲಾದರೂ ಸಿಗುತ್ತಾ?"
ಖಾನೆಗಳನ್ನೆಲ್ಲ ಹುಡುಕಿದೆ. ಸಿಗಲಿಲ್ಲ.
"ಮಾಡಿಕೊಡ್ತೀನಿ," ಅಂದೆ.
ಒಂದು ವಾರದ ಕೆಲಸ ಅಂದುಕೊಂಡಿದ್ದೆ.

ತ-ದ ಕೆಳಗೆ ಸ, ಸ-ದ ಕೆಳಗೆ ನ.
ವಠಾರದ ಒಂದೇ ಕೋಣೆಯಲ್ಲಿ ಮೂರು ಸಂಸಾರ.
ಸ-ವತ್ತು ಕಾಲು ಚಾಚಿದರೆ ನ-ವತ್ತಿಗೆ ಉಸಿರಿಲ್ಲ;
ನ-ವತ್ತಿಗೆ ಜಾಗ ಬಿಟ್ಟರೆ
ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.
ಕೊರೆದೆ. ಚಿಮಣಿ ದೀಪಕ್ಕೆ ಹಿಡಿದು ಕಾಡಿಗೆ ಹತ್ತಿಸಿ
ಕಾಗದಕ್ಕೆ ಒತ್ತಿ ನೋಡಿದೆ. ಉಜ್ಜಿದೆ. ಮತ್ತೆ ಕೊರೆದೆ.
ಏಳು ವರ್ಷ.

ಕುಡುಕನಾಗಿದ್ದರೆ ಜನ ಬೈಯುತ್ತಿದ್ದರು.
ಕೆಲಸ ಮಾಡುವವನನ್ನು ಯಾರು ಬೈತಾರೆ?
ಅವಳಮ್ಮ ಕೂಡ ಹೊಗಳಿದಳು, "ಏನು ಶ್ರದ್ಧೆ, ಏನು ಶ್ರದ್ಧೆ."

ಆ ಏಳು ವರ್ಷದಲ್ಲಿ ಲಾಲ್‌ಬಾಗಿನ ಬಂಡೆ ಮೇಲೆ
ಅವಳ ಜೊತೆ ಕೂತದ್ದು, ಲೆಕ್ಕ ಹಾಕಿದರೆ, ಹನ್ನೊಂದು ಸಂಜೆ.
ಒಂದು ಸಂಜೆ ತಂಗಿಯ ಮದುವೆ ಸಾಲದ ಬಗ್ಗೆ ಹೇಳುತ್ತಿದ್ದಳು;
ನಾನು ಅವಳ ಕಿವಿಯ ಹಿಂದೆ ಬಾಗಿದ ಕೂದಲು ನೋಡುತ್ತಿದ್ದೆ.
ಪ್ರೀತಿಯಿಂದ ಅಂದುಕೊಂಡಳು, ಪಾಪ.
ಸ-ವತ್ತಿನ ಬಾಲ ಎಲ್ಲಿ ಸಣ್ಣಗಾಗಬೇಕು ಅನ್ನುವುದು
ಅಲ್ಲಿ ಸಿಕ್ಕಿತ್ತು ನನಗೆ.
ಬಸ್ಸಿಗೂ ಕಾಯದೆ ಓಡಿಬಂದೆ.

"ಜೋಸ್ನ ಅಂತಲೇ ಕರೀರಿ. ಸಾಕು.
ಆದ್ರೆ ಕರೀರಿ."
ಅದಕ್ಕೆ ನಾನು ಏನಂದೆ? ನೆನಪಿಲ್ಲ.
ಆ ವಾರ ಸೀಸಕ್ಕೆ ಎಷ್ಟು ತವರ ಬೆರೆಸಿದ್ದೆ, ಅದು ನೆನಪಿದೆ.

ಬುಧವಾರ, ಹನ್ನೊಂದು ಗಂಟೆ, ಬಸವನಗುಡಿ,
ರಿಜಿಸ್ಟ್ರಾರ್ ಕಚೇರಿ.
ಸಾಕ್ಷಿಗೆ ಕಾಂಪೋಸಿಟರ್ ಮುನಿವೆಂಕಟಪ್ಪ, ಇಸ್ತ್ರಿ ಮಾಡಿದ ಶರ್ಟಿನಲ್ಲಿ.
ಹತ್ತೂಕಾಲಿಗೆ ನ-ವತ್ತು ಕಣ್ಣು ಬಿಟ್ಟಿತು.
ಇನ್ನೊಂದು ಎಳೆ. ಇನ್ನೊಂದೇ ಎಳೆ.
ತಲೆಯೆತ್ತಿದಾಗ ಎದುರಿನ ಶಾಲೆ ಬಿಟ್ಟಿತ್ತು,
ಮಕ್ಕಳು ಗಲಾಟೆ ಮಾಡುತ್ತ ಮನೆಗೆ ಹೋಗುತ್ತಿದ್ದರು.

ಮುನಿವೆಂಕಟಪ್ಪ ಬಾಗಿಲಲ್ಲೇ ನಿಂತ.
"ಅಳ್ಲಿಲ್ಲ ಕಣಯ್ಯ. ಬೆಂಚಿಂದ ಎದ್ದು ಹೋಗಿ
ನೋಟೀಸ್ ಬೋರ್ಡಿನ ತಪ್ಪೆಲ್ಲಾ ಪೆನ್ಸಿಲಲ್ಲಿ ತಿದ್ದಿದ್ಲು.
ಮೂರು ಗಂಟೆಗೆ ಪೆನ್ಸಿಲ್ ನನ್ ಜೇಬಿಗೆ ಹಾಕಿ ಹೋದ್ಲು."
ನಾನು ಅವನಿಗೆ ಕಾಡಿಗೆ ಪ್ರೂಫು ತೋರಿಸಿದೆ.
ದೇವರಾಣೆ, ಅದನ್ನೇ ತೋರಿಸಿದೆ.

ಆಮೇಲೆ ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು.
ಅಷ್ಟೂ ಸೀಸ ಕಲಾಸಿಪಾಳ್ಯದ ಗುಜರಿಗೆ, ಕೆಜಿ ಲೆಕ್ಕದಲ್ಲಿ.
ಒಂದು ಮೊಳೆ ಉಳಿಸಿಕೊಂಡೆ.
ಆ ಅಕ್ಷರ ಬೇಕಾಗುವ ಪದ ಕನ್ನಡದಲ್ಲಿ ಎಷ್ಟಿದೆ?
ಬೆಳದಿಂಗಳು ಅಂದರೆ ಮುಗಿಯಿತಲ್ಲ, ಎಲ್ಲರಿಗೂ.
ಯಾರೂ, ಒಂದು ಸಲವೂ, ಅಚ್ಚು ಹಾಕಿಸಲಿಲ್ಲ.

ಯಶವಂತಪುರದ ಕಡೆ ಇದ್ದಾಳೆ ಅಂತ ಒಬ್ಬರು.
ಇಲ್ಲ ಅಂತ ಇನ್ನೊಬ್ಬರು.
ಯಾವ ಇಲ್ಲ ಎಂದು ಕೇಳಲು ಧೈರ್ಯ ಬರಲಿಲ್ಲ.

ಕರೆಂಟು ಹೋದ ರಾತ್ರಿ, ಮೇಣದ ಬತ್ತಿ ಹಚ್ಚಿ,
ಮೊಳೆಯನ್ನು ಅಂಗೈಗೆ ಒತ್ತಿಕೊಳ್ಳುತ್ತೇನೆ.
ಚರ್ಮದಲ್ಲಿ ನೆಟ್ಟಗೆ ಮೂಡುತ್ತದೆ, ಸ್ವಲ್ಪ ಹೊತ್ತು ಇರುತ್ತದೆ.
ಗಂಟಲು ಕಟ್ಟುತ್ತದೆ. ಇನ್ನೇನು ಕಣ್ಣು ತುಂಬಬೇಕು,
ಅಷ್ಟರಲ್ಲಿ ಕಾಣುತ್ತದೆ:
ಸ-ವತ್ತಿನ ಬಾಲ ಕೂದಲೆಳೆಯಷ್ಟು ಉದ್ದವಾಯಿತು.

ಅರ ಎಲ್ಲಿಟ್ಟೆ?